ಎಂಟುನೂರು ರೂಪಾಯಿಗೆ ಎಷ್ಟು ರುಜುವಾತು?

ಯಾವ ತಾಲ್ಲೂಕಿನ ಕಚೇರಿಗಾದರೂ ಸರಿ, ಸಂತೆಯ ದಿನ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಹೋಗಿ ನಿಂತರೆ ಒಂದು ನೋಟ ತಪ್ಪದೆ ಕಾಣುತ್ತದೆ. ಜಗಲಿಯ ಮೇಲೆ, ಬೇವಿನ ಮರದ ಬುಡದಲ್ಲಿ, ಜೆರಾಕ್ಸ್ ಅಂಗಡಿಯ ನೆರಳಿನಲ್ಲಿ ಮುದುಕರು, ಮುದುಕಿಯರು, ಊರುಗೋಲಿನವರು ಕುಳಿತಿರುತ್ತಾರೆ. ಪ್ರತಿಯೊಬ್ಬರ ಮಡಿಲಲ್ಲೂ ಒಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ಆಧಾರ್ ಕಾರ್ಡು, ಪಡಿತರ ಚೀಟಿ, ಬ್ಯಾಂಕಿನ ಪಾಸ್‌ಬುಕ್ಕು, ಹಳೆಯ ಅರ್ಜಿಯ ನಕಲು. ಇವರೆಲ್ಲ ಬಂದಿರುವುದು ಮಾಸಾಶನದ ವಿಚಾರಕ್ಕೆ. ಕೆಲವರಿಗೆ ಇನ್ನೂ ಮಂಜೂರಾಗಿಲ್ಲ. ಕೆಲವರಿಗೆ ಮಂಜೂರಾಗಿ ಬರುತ್ತಿದ್ದದ್ದು ನಿಂತುಹೋಗಿದೆ. ಏಕೆ ನಿಂತಿತೆಂದು ಅವರಿಗೆ ಹೇಳಿದವರಿಲ್ಲ.

ದುಡಿಯಲಾರದವರನ್ನು ಸಲಹುವುದು ಸರ್ಕಾರದ ಹೊಣೆಯೆಂದು ನಮ್ಮ ರಾಜ್ಯಾಂಗದ 41ನೆಯ ವಿಧಿ ಹೇಳುತ್ತದೆ. ನಿರುದ್ಯೋಗ, ಮುಪ್ಪು, ಕಾಯಿಲೆ, ಅಂಗವೈಕಲ್ಯಗಳಿಗೆ ಸಿಕ್ಕವರಿಗೆ ಸಾರ್ವಜನಿಕ ನೆರವು ದೊರೆಯುವಂತೆ ರಾಜ್ಯವು ತನ್ನ ಆರ್ಥಿಕ ಶಕ್ತಿಯ ಮಿತಿಯೊಳಗೆ ಏರ್ಪಾಟು ಮಾಡಬೇಕೆಂಬುದು ಅದರ ತಾತ್ಪರ್ಯ. 1950ರಿಂದ ಈ ಮಾತು ಪುಸ್ತಕದಲ್ಲಿದೆ. ಪುಸ್ತಕದಿಂದ ಇಳಿದು ಅದು ಹಳ್ಳಿಯ ಮುದುಕಿಯ ಕೈಗೆ ಎಷ್ಟರಮಟ್ಟಿಗೆ ತಲುಪಿದೆ, ತಲುಪುವ ದಾರಿಯಲ್ಲಿ ಏನೇನು ಅಡ್ಡ ನಿಂತಿದೆ ಎಂಬುದನ್ನು ಈ ವಾರ ಓದುಗರ ಮುಂದಿಡಬೇಕೆಂದಿದ್ದೇವೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಕೊಡುವ ಹಣ ಸಾಲದು ಎಂಬುದು ಒಂದು ತಕರಾರು. ಅದಕ್ಕಿಂತ ದೊಡ್ಡ ತಕರಾರು ಇನ್ನೊಂದಿದೆ. ತಾನು ಬಡವಳು, ತಾನು ಮುದುಕಿ, ತಾನು ಇನ್ನೂ ಬದುಕಿದ್ದೇನೆ ಎಂದು ರುಜುವಾತುಪಡಿಸುವ ಹೊರೆಯನ್ನು ನಡೆಯಲಾರದವಳ ತಲೆಯ ಮೇಲೆಯೇ ಹೊರಿಸಿದ್ದಾರೆ. ಆ ಹೊರೆಯನ್ನು ಇಳಿಸಿ ಸರ್ಕಾರ ತಾನೇ ಹೊರಬೇಕು. ಇದೇ ನಮ್ಮ ವಾದ.

ಇನ್ನೂರು ರೂಪಾಯಿಯ ಔದಾರ್ಯ

ಮೊದಲು ಹಣದ ವಿಚಾರ. ಕೇಂದ್ರ ಸರ್ಕಾರ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮವನ್ನು 1995ರ ಆಗಸ್ಟ್ 15ರಂದು ಆರಂಭಿಸಿತು. ಆಗ ವೃದ್ಧರಿಗೆ ಕೇಂದ್ರದ ಪಾಲು ತಿಂಗಳಿಗೆ 75 ರೂಪಾಯಿ. 2006ರಲ್ಲಿ ಅದನ್ನು 200ಕ್ಕೆ ಏರಿಸಿದರು. 2007ರಲ್ಲಿ ಯೋಜನೆಗೆ ಇಂದಿರಾ ಗಾಂಧಿಯವರ ಹೆಸರಿಟ್ಟರು. 2009ರಲ್ಲಿ ವಿಧವೆಯರನ್ನೂ ಅಂಗವಿಕಲರನ್ನೂ ಸೇರಿಸಿಕೊಂಡು ಅವರಿಗೂ 200 ಎಂದರು. 2012ರಲ್ಲಿ ಅವರ ಪಾಲನ್ನು 300 ಮಾಡಿದರು. 2011ರಲ್ಲಿ ವೃದ್ಧಾಪ್ಯದ ಮಿತಿಯನ್ನು 65ರಿಂದ 60 ವರ್ಷಕ್ಕೆ ಇಳಿಸಿ, 80 ದಾಟಿದವರಿಗೆ 500 ರೂಪಾಯಿ ಗೊತ್ತುಮಾಡಿದರು. ಅಲ್ಲಿಗೆ ದೆಹಲಿಯ ಕೈ ನಿಂತಿತು.

60ರಿಂದ 79 ವರ್ಷದವರೆಗಿನ ವೃದ್ಧರಿಗೆ ಕೇಂದ್ರದ ಪಾಲು 2006ರ ಅದೇ 200 ರೂಪಾಯಿ. ಆಮೇಲೆ ಒಂದು ಪಕ್ಷ ಹೋಗಿ ಇನ್ನೊಂದು ಪಕ್ಷ ಬಂದಿತು. ಸಂಸದರ ಸಂಬಳ ಏರಿತು. ನೋಟುಗಳ ಬಣ್ಣ ಕೂಡ ಬದಲಾಯಿತು. ಇನ್ನೂರು ಮಾತ್ರ ಇನ್ನೂರಾಗಿಯೇ ಉಳಿಯಿತು. ದಿನಕ್ಕೆ ಹಂಚಿದರೆ ಆರು ರೂಪಾಯಿ ಅರವತ್ತಾರು ಪೈಸೆ. ಬಸ್ ನಿಲ್ದಾಣದಲ್ಲಿ ಒಂದು ಲೋಟ ಚಹಾಕ್ಕೂ ಇದು ಸಾಲದು.

ರಾಜ್ಯ ಸರ್ಕಾರ ಇದಕ್ಕೆ ತನ್ನ ಪಾಲು ಸೇರಿಸುತ್ತದೆ, ತನ್ನದೇ ಯೋಜನೆಗಳನ್ನೂ ನಡೆಸುತ್ತದೆ. ನಿರ್ಗತಿಕ ವಿಧವಾ ವೇತನ 1984ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. 65 ದಾಟಿದ ಸಣ್ಣ ರೈತರು, ಕೃಷಿ ಕೂಲಿಗಳು, ನೇಕಾರರು, ಮೀನುಗಾರರು, ಅಸಂಘಟಿತ ಕಾರ್ಮಿಕರಿಗೆಂದು ಸಂಧ್ಯಾ ಸುರಕ್ಷಾ ಯೋಜನೆ 2007ರಲ್ಲಿ 400 ರೂಪಾಯಿಯಿಂದ ಆರಂಭವಾಯಿತು. 2021ರ ಜುಲೈನಲ್ಲಿ ಸಂಧ್ಯಾ ಸುರಕ್ಷಾವನ್ನು 1,000ದಿಂದ 1,200ಕ್ಕೂ ವಿಧವಾ ವೇತನವನ್ನು 600ರಿಂದ 800ಕ್ಕೂ ಏರಿಸಿರುವುದಾಗಿ ಘೋಷಿಸಿದರು. 1,200 ಎಂದರೆ ದಿನಕ್ಕೆ 40 ರೂಪಾಯಿ. 800 ಎಂದರೆ 27 ರೂಪಾಯಿಗೂ ಕಡಿಮೆ.

ಇದೇ ರಾಜ್ಯ ಸರ್ಕಾರ 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಯೋಜನೆ ತಂದು ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಗೊತ್ತುಮಾಡಿತು. ಒಳ್ಳೆಯದೇ ಆಯಿತು. ಆದರೆ ಪಡಿತರ ಚೀಟಿಯಲ್ಲಿ ಸೊಸೆ ಯಜಮಾನಿಯಾಗಿದ್ದರೆ ಅತ್ತೆಗೆ ಆ ಹಣವಿಲ್ಲ. ಹೆಂಡತಿ ಸತ್ತ ಒಂಟಿ ಮುದುಕನಿಗೂ ಇಲ್ಲ. ದುಡಿಯುವ ಕೈಗಳಿರುವ ಮನೆಗೆ 2,000 ಬೇಕೆಂದು ಒಪ್ಪಿದ ಸರ್ಕಾರ, ದುಡಿಯಲಾರದ ವಿಧವೆಗೆ 800 ಸಾಕೆಂದು ಯಾವ ತಕ್ಕಡಿಯಲ್ಲಿ ತೂಗಿತು?

ಮೊಳಕಾಲ್ಮೂರಿನಿಂದ ಬಸ್ಸು ಹತ್ತಿದರೆ ರಾಯದುರ್ಗ ದೂರವಿಲ್ಲ. ನಡುವೆ ರಾಜ್ಯದ ಗಡಿ ಇದೆ, ಅಷ್ಟೆ. ಎರಡೂ ಕಡೆಯ ನೆಲ ಒಂದೇ, ಬಿಸಿಲು ಒಂದೇ, ಬರ ಒಂದೇ. ಗಡಿಯಾಚೆ ಆಂಧ್ರದಲ್ಲಿ 2024ರ ಜುಲೈನಿಂದ ವೃದ್ಧರಿಗೂ ವಿಧವೆಯರಿಗೂ ತಿಂಗಳಿಗೆ 4,000 ರೂಪಾಯಿ. ಅದೂ ಸಚಿವಾಲಯದ ನೌಕರರು ಮನೆಗೇ ತಂದು ಕೊಡುವ ಏರ್ಪಾಟು. ಅಲ್ಲಿಯ ಸರ್ಕಾರವೇನೂ ಸಮಾಜವಾದಿಗಳದ್ದಲ್ಲ, ಅಲ್ಲಿಯ ಖಜಾನೆಯೂ ತುಂಬಿ ತುಳುಕುತ್ತಿಲ್ಲ. ಹೀಗಿರುವಾಗ ಹಣವಿಲ್ಲವೆಂಬ ಮಾತನ್ನು ನಾವು ನಂಬುವುದು ಹೇಗೆ?

ಮೂರಾಣೆಯ ಲೆಕ್ಕ

1963ರಲ್ಲಿ ಡಾ. ರಾಮಮನೋಹರ ಲೋಹಿಯಾ ಅವರು ಲೋಕಸಭೆಯಲ್ಲಿ ಒಂದು ಲೆಕ್ಕ ಎತ್ತಿದರು. ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ ಎಂದರು. ಸರ್ಕಾರದ ಪಕ್ಷ ಹದಿನೈದಾಣೆ ಎಂದಿತು. ಆ ವಾಗ್ವಾದ ನಮ್ಮ ಸಂಸತ್ತಿನ ಇತಿಹಾಸದಲ್ಲಿ ಉಳಿಯಿತು. ಬಡತನವನ್ನು ಅಂಕಿಯಲ್ಲಿ ಹೇಳು ಎಂದು ಅಧಿಕಾರವನ್ನು ಪ್ರಶ್ನಿಸುವ ಕಲೆಯನ್ನು ಆ ದಿನ ಶ್ರೀಸಾಮಾನ್ಯ ಕಲಿತ. ಅದೇ ರೀತಿ ನಾವು ಇಂದಿನ ಮಾಸಾಶನದ ನಿಯಮವನ್ನು ಅಂಕಿಯಲ್ಲಿ ನೋಡೋಣ.

ಮಾಸಾಶನ ಸಿಗಬೇಕಾದರೆ ವಾರ್ಷಿಕ ಆದಾಯ 32,000 ರೂಪಾಯಿ ಮೀರಬಾರದೆಂದು ನಿಯಮ. 365 ದಿನಕ್ಕೆ ಹಂಚಿದರೆ ದಿನಕ್ಕೆ 88 ರೂಪಾಯಿ. ಈಗ ಇನ್ನೊಂದು ಲೆಕ್ಕ. ಗ್ರಾಮೀಣ ಉದ್ಯೋಗ ಖಾತರಿಯಲ್ಲಿ ಕರ್ನಾಟಕಕ್ಕೆ 2025–26ರ ಸಾಲಿಗೆ ಗೊತ್ತಾದ ದಿನಗೂಲಿ 370 ರೂಪಾಯಿ. ಖಾತರಿ ಇದ್ದದ್ದು ಮನೆಯೊಂದಕ್ಕೆ ನೂರು ದಿನ. ಒಂಟಿ ಮುದುಕಿಯೊಬ್ಬಳು ನೂರು ದಿನವೂ ಕೆರೆಯ ಹೂಳೆತ್ತಿದ್ದರೆ ಅವಳ ಕೈಗೆ 37,000 ಬರಬೇಕು. ಮಾಸಾಶನದ ಮಿತಿಗಿಂತ ಐದು ಸಾವಿರ ಹೆಚ್ಚು! ಸರ್ಕಾರವೇ ಕೊಟ್ಟ ಕೆಲಸವನ್ನು ಸರ್ಕಾರವೇ ಕೊಟ್ಟ ಕೂಲಿಗೆ ಪೂರ್ತಿ ಮಾಡಿದವಳು ಸರ್ಕಾರದ ಕಣ್ಣಿಗೆ ಸ್ಥಿತಿವಂತಳಾಗುತ್ತಾಳೆ. ಒಂದು ಕಾಯಿದೆಗೆ ಇನ್ನೊಂದು ನಿಯಮ ಹೀಗೆ ಕತ್ತರಿ ಹಾಕುತ್ತಿದೆ.

ಬಡತನ ರೇಖೆಯ ಕೆಳಗಿನ ಪಡಿತರ ಚೀಟಿಗೆ ರಾಜ್ಯದಲ್ಲಿ ಆದಾಯದ ಮಿತಿ 1,20,000 ರೂಪಾಯಿ. ಅಂದರೆ ಅಕ್ಕಿಯ ಅಂಗಡಿಯಲ್ಲಿ ಬಡವಳೆನಿಸಿಕೊಂಡವಳು ರಸ್ತೆ ದಾಟಿ ಕಂದಾಯದ ಕಚೇರಿಗೆ ಬಂದರೆ ಬಡವಳಲ್ಲ! ಒಂದೇ ಸರ್ಕಾರ, ಒಬ್ಬಳೇ ಹೆಂಗಸು, ಎರಡು ಅಳತೆಗೋಲು. ಸಂಧ್ಯಾ ಸುರಕ್ಷಾದ ನಿಯಮದಲ್ಲಿ ಮತ್ತೂ ಒಂದು ಷರತ್ತು ಇಟ್ಟರು: ಕೂಡಿಟ್ಟ ಠೇವಣಿ 10,000 ರೂಪಾಯಿ ಮೀರಬಾರದು. ತನ್ನ ಮಣ್ಣಿಗೆಂದು ನಾಲ್ಕು ಕಾಸು ಕಟ್ಟಿಟ್ಟುಕೊಳ್ಳುವುದು ನಮ್ಮ ಹಳ್ಳಿಯ ಹಿರಿಯರ ಮಾನದ ಪ್ರಶ್ನೆ. ಅದೂ ಇಲ್ಲಿ ಅನರ್ಹತೆಗೆ ಕಾರಣವಾಯಿತು.

ಕಾಗದದ ದಾರಿ

ಈಗ ದಾರಿಯ ವಿಚಾರ. ಒಬ್ಬ ವಿಧವೆ ವೇತನಕ್ಕೆ ಅರ್ಜಿ ಹಾಕಬೇಕೆನ್ನೋಣ. ಅವಳಿಗೆ ಗಂಡನ ಮರಣ ಪತ್ರ ಬೇಕು, ಆದಾಯ ಪ್ರಮಾಣ ಪತ್ರ ಬೇಕು, ಪಡಿತರ ಚೀಟಿ, ಆಧಾರ್, ವಯಸ್ಸಿನ ದಾಖಲೆ, ಬ್ಯಾಂಕು ಅಥವಾ ಅಂಚೆ ಖಾತೆ ಬೇಕು. ಅರ್ಜಿ ಹೋಬಳಿಯ ನಾಡಕಚೇರಿಗೆ ಹೋಗುತ್ತದೆ. ಗ್ರಾಮ ಆಡಳಿತಾಧಿಕಾರಿ ವಿಚಾರಿಸಬೇಕು. ನಮ್ಮ ಹಿರಿಯರು ಶಾನುಭೋಗ ಎನ್ನುತ್ತಿದ್ದರಲ್ಲ, ಆ ಸ್ಥಾನದಲ್ಲಿ ಬಂದ ನೌಕರ ಇವನು. ಆಮೇಲೆ ರೆವಿನ್ಯೂ ಇನ್‌ಸ್ಪೆಕ್ಟರರ ವರದಿ. ಆಮೇಲೆ ಮಂಜೂರಾತಿ. ಆಮೇಲೆ ಖಜಾನೆ. ಆಮೇಲೆ ಬ್ಯಾಂಕು. ಇಷ್ಟೂ ಮೆಟ್ಟಿಲುಗಳಲ್ಲಿ ಒಂದು ಜಾರಿದರೂ ಮೊದಲಿನಿಂದ ಹತ್ತಬೇಕು.

ಗಂಡ ಹದಿನೈದು ವರ್ಷದ ಹಿಂದೆ ಮನೆಯಲ್ಲಿಯೇ ಸತ್ತಿದ್ದರೆ ಮರಣದ ನೋಂದಣಿ ಆಗಿರುವುದು ಅಪರೂಪ. ಜನನ ಮರಣ ನೋಂದಣಿಯ 1969ರ ಕಾಯಿದೆಯ ಪ್ರಕಾರ ಒಂದು ವರ್ಷ ಮೀರಿದ ಸಾವನ್ನು ನೋಂದಾಯಿಸಲು ಪ್ರಥಮ ದರ್ಜೆಯ ಮ್ಯಾಜಿಸ್ಟ್ರೇಟರ ಆಜ್ಞೆ ಬೇಕಾಗಿತ್ತು. 2023ರ ತಿದ್ದುಪಡಿಯ ಮೇಲೆ ಆ ಅಧಿಕಾರ ಜಿಲ್ಲಾ ಅಥವಾ ಉಪವಿಭಾಗದ ದಂಡಾಧಿಕಾರಿಗಳಿಗೆ ಬಂದಿತು. ವಕೀಲರ ಖರ್ಚು ಸ್ವಲ್ಪ ತಪ್ಪಿರಬಹುದು. ಊರಿಂದ ಊರಿಗೆ ಅಲೆಯುವುದು ತಪ್ಪಲಿಲ್ಲ. ಇಡೀ ಊರೇ ಹೆಣ ಹೊತ್ತಿದೆ, ಇಡೀ ಊರಿಗೇ ಅವಳು ಗಂಡ ಸತ್ತವಳೆಂದು ಗೊತ್ತು. ಸರ್ಕಾರಕ್ಕೆ ಮಾತ್ರ ಗೊತ್ತಿಲ್ಲ.

ಮಂಜೂರಾಯಿತು ಎನ್ನೋಣ. ಹಿಂದೆ ಅಂಚೆಯವನು ಮನಿಯಾರ್ಡರ್ ತಂದು ಮನೆಯ ಬಾಗಿಲಲ್ಲಿ ಎಣಿಸಿ ಕೊಡುತ್ತಿದ್ದ. ಅದರಲ್ಲಿ ಅವನ ಕಾಫಿ ಕಾಸು ಹೋಗುತ್ತಿತ್ತು, ನಿಜ. ಅದನ್ನು ತಪ್ಪಿಸುತ್ತೇವೆಂದು ಹಣವನ್ನು ಆಧಾರ್ ಜೋಡಣೆಯಾದ ಖಾತೆಗೆ ಹಾಕುವ ಪದ್ಧತಿ ತಂದರು. ಈಗ ಅಂಚೆಯವನ ಜಾಗದಲ್ಲಿ ಹೆಬ್ಬೆಟ್ಟಿನ ಯಂತ್ರ ಹಿಡಿದ ಏಜೆಂಟನಿದ್ದಾನೆ. ಕಲ್ಲು ಹೊತ್ತು, ಕಳೆ ಕಿತ್ತು, ಪಾತ್ರೆ ತಿಕ್ಕಿ ಸವೆದ ಬೆರಳಿನ ಗೆರೆಯನ್ನು ಯಂತ್ರ ಗುರುತಿಸುವುದಿಲ್ಲ. ಗುರುತಿಸಿದಾಗ ಕಮಿಷನ್ ಎಂದು ಹತ್ತಿಪ್ಪತ್ತು ಹಿಡಿದುಕೊಳ್ಳುವವರೂ ಇದ್ದಾರೆ. ಆಧಾರಿನಲ್ಲಿ ಒಂದು ಹೆಸರು, ಪಾಸ್‌ಬುಕ್ಕಿನಲ್ಲಿ ಇನ್ನೊಂದು ಕಾಗುಣಿತವಿದ್ದರೆ ಹಣ ಹಾದಿಯಲ್ಲೇ ನಿಲ್ಲುತ್ತದೆ. ಬ್ಯಾಂಕಿಗೆ ಹೋದರೆ ತಾಲ್ಲೂಕು ಕಚೇರಿಗೆ ಹೋಗೆನ್ನುತ್ತಾರೆ. ತಾಲ್ಲೂಕು ಕಚೇರಿಗೆ ಹೋದರೆ ಬ್ಯಾಂಕಿಗೆ ಹೋಗೆನ್ನುತ್ತಾರೆ. ದಿನಕ್ಕೆ 27 ರೂಪಾಯಿ ಎಣಿಸುವವಳು ಬಸ್ಸಿನಿಂದ ಇಳಿದ ಮೇಲೆ ಆಟೋಗೆ, ಜೆರಾಕ್ಸಿಗೆ, ಅರ್ಜಿ ಬರೆಯುವವನಿಗೆ ಎಷ್ಟು ದಿನದ ಗಂಜಿಯನ್ನು ತೆರಬೇಕು?

ಪ್ರತಿ ತಿಂಗಳು 7ನೆಯ ತಾರೀಖಿನೊಳಗೆ ವೃದ್ಧಾಪ್ಯ ವೇತನ ಕೈಸೇರಬೇಕೆಂದು ಸುಪ್ರೀಂ ಕೋರ್ಟು ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ 2001ರ ನವೆಂಬರ್ 28ರಂದು ಆಜ್ಞೆ ಮಾಡಿತು. ಸಂಬಳದ ದಿನ ಒಂದು ದಿನ ತಪ್ಪಿದರೆ ನೌಕರರು ಗದ್ದಲ ಮಾಡುತ್ತಾರೆ, ಮಾಡಬೇಕು ಕೂಡ. ಮುದುಕರಿಗೆ ಮೂರು ತಿಂಗಳು ತಪ್ಪಿದರೆ ಕೇಳುವವರಾರು?

ಒಂದು ಸಂಕಟ, ಹಲವು ಬಾಗಿಲು

ಬಡವರಿಗೆ ಕಷ್ಟ ಒಂದೊಂದಾಗಿ, ಇಲಾಖೆ ನೋಡಿಕೊಂಡು ಬರುವುದಿಲ್ಲ. ಒಂದೇ ಮನೆಯಲ್ಲಿ ಮುದುಕಿ, ಕಾಲಿಲ್ಲದ ಮಗ, ತೂಕವಿಲ್ಲದ ಮೊಮ್ಮಗು ಇರುತ್ತಾರೆ. ಮುದುಕಿಯ ವೇತನ ಕಂದಾಯ ಇಲಾಖೆಗೆ ಸೇರಿದ್ದು. ಅಕ್ಕಿ ಆಹಾರ ಇಲಾಖೆಯದು. ಮಗುವಿನ ಮೊಟ್ಟೆ ಮಹಿಳಾ ಮತ್ತು ಮಕ್ಕಳ ಇಲಾಖೆಯದು. ಮಗನ ಗಾಲಿಕುರ್ಚಿ ಅಂಗವಿಕಲರ ಇಲಾಖೆಯದು. ಅವನ ಗುರುತಿನ ಚೀಟಿಗೆ ವೈದ್ಯರ ಮಂಡಲಿ ಕುಳಿತುಕೊಳ್ಳುವ ಆಸ್ಪತ್ರೆಗೆ ಹೋಗಬೇಕು. ಸೊಸೆ ಹಮಾಲಿಯೋ ಮನೆಗೆಲಸದವಳೋ ಆಗಿದ್ದರೆ ಅವಳ ಕಾರ್ಡು ಕಾರ್ಮಿಕ ಇಲಾಖೆಯದು. ಐದು ಬಾಗಿಲು, ಐದು ಅರ್ಜಿ. ಅದೇ ಆಧಾರಿನ ಐದು ಜೆರಾಕ್ಸ್.

ಬಂಡವಾಳಶಾಹಿಯ ತವರಾದ ಅಮೆರಿಕದಲ್ಲಿ ಕೂಡ ಹಲವು ಗ್ರಾಮೀಣ ಕೌಂಟಿಗಳಲ್ಲಿ ಆಹಾರದ ನೆರವು, ಬಡವರ ವೈದ್ಯಕೀಯ ನೆರವು, ಮಕ್ಕಳ ರಕ್ಷಣೆ, ವೃದ್ಧರ ಆರೈಕೆ ಇವೆಲ್ಲ ಮಾನವ ಸೇವೆಗಳ ಇಲಾಖೆ ಎಂಬ ಒಂದೇ ಸೂರಿನ ಕೆಳಗೆ ನಡೆಯುತ್ತವೆ. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಅಥವಾ ತಾಲ್ಲೂಕಿನಂಥ ಆಡಳಿತದ ತುಂಡು. ಅಲ್ಲಿಯೂ ಬಡವರನ್ನು ಸಂಶಯದಿಂದ ನೋಡುವ ಕಾನೂನುಗಳಿವೆ, ಅದನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಆದರೆ ಇಡೀ ಮನೆಯ ಕಷ್ಟವನ್ನು ಒಂದೇ ಮೇಜಿನ ಮುಂದೆ ಹೇಳಿಕೊಳ್ಳಬಹುದೆಂಬುದು ಕಲಿಯತಕ್ಕ ವಿಷಯ.

ನಮ್ಮಲ್ಲಿಯೂ ಇದರ ಬೀಜವಿದೆ. ಗ್ರಾಮ ಪಂಚಾಯಿತಿಗಳಲ್ಲಿ ಅಂಗವಿಕಲರಿಗಾಗಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರೂ ಅಂಗವಿಕಲರೇ. ಗೌರವಧನದ ಮೇಲೆ ದುಡಿಯುತ್ತ ಮನೆಮನೆಗೆ ಹೋಗಿ ಅರ್ಜಿ ಬರೆಸುತ್ತಾರೆ. ಸರ್ಕಾರ 2021ರಲ್ಲಿ ಮನೆ ಬಾಗಿಲಿಗೆ ಮಾಸಾಶನವೆಂಬ ಅಭಿಯಾನ ಆರಂಭಿಸಿತು. 2022ರಲ್ಲಿ ದೂರವಾಣಿ ಸಂಖ್ಯೆ ಕೊಟ್ಟು, ಕರೆ ಮಾಡಿದರೆ 72 ಗಂಟೆಯೊಳಗೆ ಮಂಜೂರು ಮಾಡುತ್ತೇವೆಂದು ಸಾರಿತು. ಅಂದರೆ ಯಾರಿಗೆ 60 ತುಂಬಿತು, ಯಾರ ಮನೆಯಲ್ಲಿ ಬಡತನವಿದೆ ಎಂಬ ವಿವರ ತನ್ನ ಕಂಪ್ಯೂಟರಿನಲ್ಲಿಯೇ ಇದೆಯೆಂದು ಸರ್ಕಾರ ಒಪ್ಪಿಕೊಂಡ ಹಾಗಾಯಿತು. ಇದ್ದ ಮೇಲೆ ಮುದುಕಿಯನ್ನು ಮತ್ತೆ ಮತ್ತೆ ಕೇಳುವುದೇಕೆ? ವೇತನ ನಿಲ್ಲಿಸುವಾಗ ಕಂಪ್ಯೂಟರಿನ ಮಾತು ಸಾಕು, ಕೊಡುವಾಗ ಮಾತ್ರ ಹತ್ತು ಕಾಗದ ಬೇಕು ಎಂಬುದು ಯಾವ ನ್ಯಾಯ?

ಕೆಳಗಿನ ನೌಕರನನ್ನು ಬಯ್ದರೆ ಕೆಲಸ ಮುಗಿಯಿತೆಂದು ನಾವು ತಿಳಿದಿಲ್ಲ. ಗ್ರಾಮ ಆಡಳಿತಾಧಿಕಾರಿಗಳು 2024ರ ಸೆಪ್ಟೆಂಬರಿನಲ್ಲಿಯೂ 2025ರ ಫೆಬ್ರವರಿಯಲ್ಲಿಯೂ ಮುಷ್ಕರ ಹೂಡಿದರು. ಮೊಬೈಲ್ ಆ್ಯಪುಗಳ ಹೊರೆ, ಕೂರಲು ಕಚೇರಿಯಿಲ್ಲದ ಅವಸ್ಥೆ ಅವರ ದೂರಾಗಿತ್ತು. ಅವರೂ ದುಡಿಯುವ ಜನವೇ. ಹಲವು ಹಳ್ಳಿಗೆ ಒಬ್ಬನನ್ನು ಇಟ್ಟು ಬೆಳೆ ಸಮೀಕ್ಷೆ, ಚುನಾವಣೆ, ನೆರೆ ಬರ ಎಲ್ಲವನ್ನೂ ಅವನ ಮೇಲೆ ಹೇರಿದರೆ ಮುದುಕಿಯ ಅರ್ಜಿ ಕಟ್ಟಿನ ತಳಕ್ಕೆ ಹೋಗುವುದು ಸಹಜ. ತಪ್ಪು ಕಟ್ಟಿನದಲ್ಲ, ಕಟ್ಟು ಹೊರಿಸಿದವರದು.

ಗಿರಣಿಯವರಿಗೂ ಅಂಗಡಿಯವರಿಗೂ ಇದರಲ್ಲೇನು?

ಗಿರಣಿಯ ಬಂಧುಗಳು ಕೇಳಬಹುದು: ನಮಗೆ ಭವಿಷ್ಯ ನಿಧಿ ಇದೆ, ಈ ಮಾತು ನಮಗೇಕೆ? 1995ರ ನೌಕರರ ಪಿಂಚಣಿ ಯೋಜನೆಯಲ್ಲಿ 2014ರ ಸೆಪ್ಟೆಂಬರಿನಲ್ಲಿ ಗೊತ್ತುಮಾಡಿದ ಕನಿಷ್ಠ ಪಿಂಚಣಿ 1,000 ರೂಪಾಯಿ. ಹತ್ತಿಯ ಧೂಳು ಕುಡಿದು ಆಯುಷ್ಯ ಸವೆಸಿದವನಿಗೆ ಗಿರಣಿ ಮುಚ್ಚಿದ ಮೇಲೆ ಉಳಿಯುವುದು ಎಷ್ಟೋ ಕಡೆ ಇಷ್ಟೇ. ಬೇರೆ ಯಾವ ಪಿಂಚಣಿ ಬರುತ್ತಿದ್ದರೂ ಸಂಧ್ಯಾ ಸುರಕ್ಷಾ ಇಲ್ಲವೆಂದು ನಿಯಮ ಹೇಳುತ್ತದೆ. ಅಂದರೆ ತನ್ನ ಸಂಬಳದಿಂದ ಜೀವಮಾನವಿಡೀ ವಂತಿಗೆ ಕಟ್ಟಿದವನಿಗೆ 1,000. ಏನೂ ಕಟ್ಟದಿದ್ದರೆ 1,200 ಸಿಗುತ್ತಿತ್ತು! ಏನೂ ಕಟ್ಟಲಾಗದವನ ಮೇಲೆ ನಮಗೆ ಅಸೂಯೆಯಿಲ್ಲ. ಇಬ್ಬರಿಗೂ ಸಾಲದಷ್ಟು ಕೊಟ್ಟು, ಒಬ್ಬನನ್ನು ತೋರಿಸಿ ಇನ್ನೊಬ್ಬನನ್ನು ಹೊರಗಿಡುವ ತಂತ್ರವನ್ನು ಮಾತ್ರ ಕಾರ್ಮಿಕರು ಅರ್ಥ ಮಾಡಿಕೊಳ್ಳಬೇಕು.

ಸಣ್ಣ ವ್ಯಾಪಾರಿಗಳ ಪಾಡು ಇದಕ್ಕಿಂತ ಮೇಲಲ್ಲ. 2019ರಲ್ಲಿ ಅಸಂಘಟಿತ ಕಾರ್ಮಿಕರಿಗೊಂದು, ಸಣ್ಣ ವ್ಯಾಪಾರಿಗಳಿಗೊಂದು ಪಿಂಚಣಿ ಯೋಜನೆಯನ್ನು ಪ್ರಧಾನ ಮಂತ್ರಿಗಳ ಹೆಸರಿನಲ್ಲಿ ತಂದರು. 18ರಿಂದ 40 ವರ್ಷದೊಳಗಿನವರು ತಿಂಗಳಿಗೆ 55ರಿಂದ 200 ರೂಪಾಯಿ ಕಟ್ಟುತ್ತ ಬಂದರೆ 60 ತುಂಬಿದ ಮೇಲೆ 3,000 ಕೊಡುತ್ತಾರಂತೆ. ಅಂದು 41 ತುಂಬಿದ್ದ ತರಕಾರಿ ಗಾಡಿಯವನಿಗೆ ಅದರಲ್ಲಿ ಜಾಗವೇ ಇರಲಿಲ್ಲ. ಜಾಗವಿದ್ದ ಹುಡುಗನಿಗೂ ಇಪ್ಪತ್ತು ಮೂವತ್ತು ವರ್ಷದ ಮೇಲಿನ 3,000 ರೂಪಾಯಿ ಎಷ್ಟು ಅಕ್ಕಿ ತಂದೀತೆಂದು ಯಾರೂ ಹೇಳಲಾರರು. ಕೊನೆಗೆ ಅಂಗಡಿಯ ಗಲ್ಲಾಪೆಟ್ಟಿಗೆ ಮಗನ ಕೈಗೆ ಹೋದ ಮೇಲೆ ಸಣ್ಣ ವ್ಯಾಪಾರಿಯೂ ಅದೇ ತಾಲ್ಲೂಕು ಕಚೇರಿಯ ಜಗಲಿಗೆ ಬರಬೇಕು.

ಇನ್ನೊಂದು ಮಾತು. ಮಾಸಾಶನದ ಹಣ ಷೇರು ಪೇಟೆಗೆ ಹೋಗುವುದಿಲ್ಲ. ಅದು ಓಣಿಯ ಕಿರಾಣಿ ಅಂಗಡಿಗೆ, ಔಷಧಿಯ ಅಂಗಡಿಗೆ, ಸಂತೆಯ ಕಾಯಿಪಲ್ಯದವನಿಗೆ ಬರುತ್ತದೆ. ಉದ್ರಿ ಪುಸ್ತಕದಲ್ಲಿ ‘ಪಗಾರ ಬಂದಾಗ’ ಎಂಬ ಬಾಕಿಯ ಪಕ್ಕದಲ್ಲಿಯೇ ‘ಪಿಂಚಣಿ ಬಂದಾಗ’ ಎಂಬ ಬಾಕಿಯೂ ಇರುವುದನ್ನು ಅಂಗಡಿಯವರೆಲ್ಲ ಬಲ್ಲರು. ಮುದುಕರ ವೇತನ ಮೂರು ತಿಂಗಳು ನಿಂತರೆ ಮುದುಕರ ಒಲೆಯ ಜೊತೆಗೆ ಸಣ್ಣ ಅಂಗಡಿಯ ವಹಿವಾಟೂ ಆರುತ್ತದೆ.

ಕಳ್ಳ ಫಲಾನುಭವಿಗಳ ಮಾತು

ಇಷ್ಟು ಹೇಳಿದೊಡನೆ ಎದುರು ಪಕ್ಷದ ಮಹಾಶಯರು ಒಂದು ಮಾತು ಎತ್ತುತ್ತಾರೆ. ವಯಸ್ಸು ತಪ್ಪು ಬರೆಸಿ, ಜಮೀನು ಮುಚ್ಚಿಟ್ಟು ಮಾಸಾಶನ ಪಡೆಯುವವರಿದ್ದಾರೆ, ಅವರನ್ನು ಹಿಡಿಯಬಾರದೆ? ಹಿಡಿಯಲಿ. ಸುಳ್ಳು ದಾಖಲೆ ಮಾಡಿಸಿದ ದಲ್ಲಾಳಿಯನ್ನೂ ರುಜು ಹಾಕಿದವರನ್ನೂ ಕೂಡಿಯೇ ಹಿಡಿಯಲಿ. ನಮಗೆ ತಕರಾರಿಲ್ಲ. ಆದರೆ ಇಲ್ಲಿ ಎರಡು ಬಗೆಯ ತಪ್ಪುಗಳು ಸಾಧ್ಯ. ಬೇಡದವನಿಗೆ ಕೊಟ್ಟದ್ದು ಒಂದು ತಪ್ಪು. ಅದರಿಂದ ಖಜಾನೆಗೆ ತಿಂಗಳಿಗೆ ಸಾವಿರ ನಷ್ಟ. ಬೇಕಾದವಳಿಗೆ ನಿಲ್ಲಿಸಿದ್ದು ಇನ್ನೊಂದು ತಪ್ಪು. ಅದರಿಂದ ಅವಳ ಮಾತ್ರೆ ನಿಲ್ಲುತ್ತದೆ, ಊಟ ನಿಲ್ಲುತ್ತದೆ. ಮೊದಲನೆಯದನ್ನು ವಸೂಲು ಮಾಡಬಹುದು. ಎರಡನೆಯದನ್ನು ಯಾವ ಆಜ್ಞೆಯಿಂದಲೂ ಹಿಂದಕ್ಕೆ ತರಲಾಗುವುದಿಲ್ಲ. ಹೀಗಿರುವಾಗ ಸಂಶಯ ಬಂದ ಕೂಡಲೇ ಮೊದಲು ನಿಲ್ಲಿಸಿ ಆಮೇಲೆ ವಿಚಾರಿಸುವ ಪದ್ಧತಿ ಕ್ರೂರವಾದದ್ದು. ಮೊದಲು ವಿಚಾರಿಸಬೇಕು, ಅಲ್ಲಿಯವರೆಗೆ ಕೊಡುತ್ತಲೇ ಇರಬೇಕು.

ಮಕ್ಕಳು ನೋಡಿಕೊಳ್ಳಲಿ ಎನ್ನುವವರೂ ಇದ್ದಾರೆ. ತಂದೆತಾಯಿಗಳ ಪೋಷಣೆಗೆ 2007ರ ಕಾಯಿದೆಯೇ ಇದೆ. ಆದರೆ ಮಗ ಬೆಂಗಳೂರಿನಲ್ಲಿ ಗಾರೆ ಹೊರುವವನಾದರೆ, ಅವನ ಗುಡಿಸಲಿನಲ್ಲಿ ಮೂರು ಮಕ್ಕಳಿದ್ದರೆ, ಆ ಕಾಯಿದೆಯಿಂದ ತಾಯಿಗೆ ಸಿಗುವುದೇನು? ಬಡವನ ಮೇಲೆ ಬಡವಳನ್ನು ಛೂ ಬಿಡುವುದು ಸಾಮಾಜಿಕ ಭದ್ರತೆಯಲ್ಲ. ಪುಕ್ಕಟೆ ಹಣವೆಂಬ ಮಾತೂ ಸುಳ್ಳು. ಅವಳು ಐವತ್ತು ವರ್ಷ ದುಡಿದು ಈ ನಾಡಿಗೆ ಅನ್ನ ಬೆಳೆದಿದ್ದಾಳೆ. ಇಂದಿಗೂ ಒಂದು ಸೋಪು ಕೊಂಡರೆ ತೆರಿಗೆ ಕಟ್ಟುತ್ತಾಳೆ.

ನಡೆದು ತೋರಿಸಿದವರು

ಇದೆಲ್ಲ ಆಗದ ಮಾತೆಂದು ಯಾರೂ ಹೇಳಬೇಕಾಗಿಲ್ಲ. ಕೇರಳದಲ್ಲಿ ಅತಿ ಬಡವರನ್ನು ಸ್ಥಳೀಯ ಸಂಸ್ಥೆಗಳ ಮೂಲಕ ಮನೆಮನೆಗೆ ಹೋಗಿ ಹುಡುಕಿ 64,006 ಕುಟುಂಬಗಳನ್ನು ಪಟ್ಟಿ ಮಾಡಿದರು. ಒಬ್ಬರಿಗೆ ಮನೆ, ಒಬ್ಬರಿಗೆ ಔಷಧಿ, ಒಬ್ಬರಿಗೆ ಬರೀ ಗುರುತಿನ ಚೀಟಿ ಎಂದು ಕುಟುಂಬಕ್ಕೊಂದು ಯೋಜನೆ ಹಾಕಿದರು. 2025ರ ನವೆಂಬರ್ 1ರಂದು ಅತಿ ಬಡತನ ನೀಗಿತೆಂದು ಅಲ್ಲಿಯ ಸರ್ಕಾರ ಸಾರಿದಾಗ, ಆ ಲೆಕ್ಕವನ್ನು ಒಪ್ಪದವರೂ ಇದ್ದರು. ಆ ಚರ್ಚೆ ಇರಲಿ. ಅರ್ಜಿ ಬರಲೆಂದು ಕಾಯದೆ ಕಚೇರಿಯೇ ಎದ್ದು ಬಡವನ ಮನೆಗೆ ಹೋದದ್ದು ನಮಗೆ ಮುಖ್ಯ.

ಪುಣೆಯ ಹಮಾಲರನ್ನು ಸಂಘಟಿಸಿದ ಸಮಾಜವಾದಿ ಬಾಬಾ ಆಢಾವ್ ಮತ್ತು ಅರುಣಾ ರಾಯ್ ಅವರ ಮುಂದಾಳುತನದಲ್ಲಿ ಪಿಂಚಣಿ ಪರಿಷತ್ತು 2012ರಲ್ಲಿ ದೆಹಲಿಯ ಜಂತರ್ ಮಂತರಿನಲ್ಲಿ ಧರಣಿ ಕುಳಿತಿತು. ದೇಶದ ಎಲ್ಲ ದುಡಿಯುವ ವೃದ್ಧರಿಗೂ ಕನಿಷ್ಠ ಕೂಲಿಯ ಅರ್ಧದಷ್ಟು ಪಿಂಚಣಿ ಬೇಕೆಂದು ಕೇಳಿತು. ಮೂಟೆ ಹೊತ್ತ ಬೆನ್ನಿನವರು, ಹೊಲ ಉತ್ತ ಕೈಯವರು ಬಿಸಿಲಿನಲ್ಲಿ ಕುಳಿತು ಕೇಳಿದ ಆ ಬೇಡಿಕೆ ಇಂದಿಗೂ ಬಾಕಿಯಿದೆ. ಅದನ್ನು ನಮ್ಮ ಜಿಲ್ಲೆಯಿಂದ ಮತ್ತೆ ಎತ್ತುವ ಕಾಲ ಬಂದಿದೆ.

ನಾವು ಕೇಳುವುದು

ಒಂದು, ಆದಾಯದ ಮಿತಿ ಎಲ್ಲ ಇಲಾಖೆಗೂ ಒಂದೇ ಇರಲಿ. ಪಡಿತರ ಚೀಟಿಗೆ ಬಡವಳಾದವಳು ಮಾಸಾಶನಕ್ಕೂ ಬಡವಳೇ. ಭವಿಷ್ಯ ನಿಧಿಯ ಅಲ್ಪ ಪಿಂಚಣಿ ಬರುವವರಿಗೆ ಅದರ ಕಾರಣದಿಂದ ಬಾಗಿಲು ಮುಚ್ಚಬಾರದು.

ಎರಡು, ಕನಿಷ್ಠ ಕೂಲಿಯ ಅರ್ಧ ಎಂಬ ಗುರಿಯನ್ನು ಒಪ್ಪಿಕೊಳ್ಳಲಿ. ಅಲ್ಲಿಯವರೆಗೆ ಯಾವ ಮಾಸಾಶನವೂ ಗೃಹಲಕ್ಷ್ಮಿಗೆ ಗೊತ್ತುಮಾಡಿದ 2,000ಕ್ಕಿಂತ ಕಡಿಮೆ ಇರಬಾರದು. ಕೇಂದ್ರವು ತನ್ನ 200 ರೂಪಾಯಿಯ ನಾಚಿಕೆಗೇಡನ್ನು ಬಿಡಲಿ.

ಮೂರು, ನೋಟೀಸು ಕೊಡದೆ, ಮನೆಗೆ ಬಂದು ನೋಡದೆ, ಗ್ರಾಮಸಭೆ ಅಥವಾ ವಾರ್ಡುಸಭೆಯಲ್ಲಿ ಹೆಸರು ಓದದೆ ಯಾರ ಮಾಸಾಶನವನ್ನೂ ನಿಲ್ಲಿಸಬಾರದು. ನಿಲ್ಲಿಸಿದರೆ ಕಾರಣವನ್ನು ಕನ್ನಡದಲ್ಲಿ ಬರೆದು ಕೊಡಬೇಕು.

ನಾಲ್ಕು, ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಒಂದು ಮೇಜು, ಒಬ್ಬ ಖಾಯಂ ಕಾರ್ಯಕರ್ತ. ವೇತನ, ಪಡಿತರ, ಅಂಗವಿಕಲರ ಚೀಟಿ, ಕಾರ್ಮಿಕ ಕಾರ್ಡು ಎಲ್ಲಕ್ಕೂ ಅಲ್ಲಿಯೇ ಅರ್ಜಿ. ಹಾಸಿಗೆ ಹಿಡಿದವರಿಗೆ ಅವನೇ ಮನೆಗೆ ಹೋಗಬೇಕು. ಪಿಂಚಣಿ ಅದಾಲತ್ತು ಹಳ್ಳಿಯಲ್ಲಿ ನಡೆಯಬೇಕು.

ಐದು, 7ನೆಯ ತಾರೀಖು ಎಂದರೆ 7ನೆಯ ತಾರೀಖು. ಹೆಬ್ಬೆಟ್ಟು ಕೂಡದವರಿಗೆ ಅಂಚೆಯವನ ಕೈಯಿಂದ ನಗದು ಕೊಡುವ ದಾರಿ ತೆರೆದಿರಬೇಕು.

ಬೇಡಿಕೆ ಈಡೇರುವವರೆಗೆ ಸುಮ್ಮನೆ ಕೂರಬೇಕಾಗಿಲ್ಲ. ಸಕಾಲ ಕಾಯಿದೆ 2011ರಲ್ಲಿ ಆಯಿತು, 2012ರಲ್ಲಿ ಜಾರಿಗೆ ಬಂದಿತು. ಮಾಸಾಶನದ ಅರ್ಜಿ ಅದರ ಕೆಳಗೆ ಬರುತ್ತದೆ. ಅರ್ಜಿ ಕೊಟ್ಟ ಕೂಡಲೇ 15 ಅಂಕಿಯ ಸಕಾಲ ಸಂಖ್ಯೆಯ ರಸೀದಿ ಕೇಳಿ ಪಡೆಯಿರಿ. ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕು ಅರ್ಜಿದಾರರಿಗಿದೆ. ಹಣ ಅಲ್ಪವೇ ಇರಬಹುದು; ವಿಳಂಬದ ಹೊಣೆ ಯಾರದೆಂದು ದಾಖಲಾಗುವುದು ಅಲ್ಪವಲ್ಲ. ನಿಮ್ಮ ಓಣಿಯಲ್ಲಿ ಯಾರ ವೇತನ ಎಂದಿನಿಂದ ನಿಂತಿದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಗಿರಣಿಯಲ್ಲಿ ಓದು ಬಲ್ಲ ಒಬ್ಬೊಬ್ಬ ಕಾರ್ಮಿಕನೂ ರಜೆಯ ದಿನ ಎರಡು ಅರ್ಜಿ ಬರೆದುಕೊಡಲಿ. ಅಂಗಡಿಯವರು ತಮ್ಮ ಉದ್ರಿ ಪುಸ್ತಕ ತೆರೆದು ‘ಪಿಂಚಣಿ ಬಂದಾಗ’ ಎಂಬ ಹೆಸರುಗಳನ್ನು ಆ ಪಟ್ಟಿಗೆ ಸೇರಿಸಲಿ.

ಒಬ್ಬ ಮುದುಕಿ ಚೀಲ ಹಿಡಿದು ಬಂದರೆ ಕಚೇರಿ ನಾಳೆ ಬಾ ಎನ್ನುತ್ತದೆ. ಇಡೀ ಓಣಿ ಪಟ್ಟಿ ಹಿಡಿದು ಬಂದರೆ ಹಾಗೆನ್ನಲು ಯಾವ ಅಧಿಕಾರಿಗೂ ಧೈರ್ಯ ಸಾಲದು. ಪಟ್ಟಿಗಳು ಸಿದ್ಧವಾಗಲಿ.